ಮಾಸ್ಕ್ ದಾಟಿದ ಬಾಗಿಲು

ಗಂಡ ಸಾಯುವಾಗ ದರ್ಜಿಗೆ ಬಿಟ್ಟುಹೋದ ಆಸ್ತಿ ಎಂದರೆ ಒಂದು ಹೊಲಿಗೆ ಯಂತ್ರ ಮತ್ತು ಎಚ್‌ಐವಿ. ಎರಡನ್ನೂ ಕಟ್ಟಿಕೊಂಡು ಅವಳು ಅಣ್ಣನ ಮನೆ ಸೇರಿದಳು. ಅಣ್ಣನದು ಸೈಕಲ್ ಅಂಗಡಿ. ಗಿರಾಕಿಗಳ ಮುಂದೆ ಗುಡುಗುತ್ತಿದ್ದವನು ಹೆಂಡತಿಯ ಮುಂದೆ ಕೆಮ್ಮಲೂ ಹೆದರುತ್ತಿದ್ದ.

ಅತ್ತಿಗೆ ಉದಾರಿ. ಮೆಟ್ಟಿಲ ಕೆಳಗೊಂದು ಜಾಗ ಕೊಟ್ಟಳು, ಬೇರೆ ತಟ್ಟೆ ಕೊಟ್ಟಳು, ಮನೆಗೆಲಸವನ್ನಂತೂ ಪೂರ್ತಿ ಬಿಟ್ಟುಕೊಟ್ಟಳು. ಮರ್ಯಾದೆ ಹೋಗುತ್ತದೆಂದು ಕಾಯಿಲೆಯ ಸುದ್ದಿಯನ್ನು ಮಾತ್ರ ಬೀದಿಗೆ ಬಿಡಲಿಲ್ಲ.

ಕೊರೊನಾ ಬಂದದ್ದೇ ತಡ, "ಮೊದಲು ಅಂಟೋದು ನಿಂಗೇ, ನಿನ್ನಿಂದ ನಮಗೆ. ಈ ಬಾಗಿಲು ದಾಟಬೇಡ" ಎಂದಳು. ದರ್ಜಿ ದಾಟಲಿಲ್ಲ. ಅವಳು ಹೊಲಿದ ಮಾಸ್ಕುಗಳು ದಾಟಿದವು. ಅವಳು ಮುಟ್ಟಿದ ಲೋಟ ಕಂಡರೆ ಮುಖ ಸಿಂಡರಿಸುತ್ತಿದ್ದ ಅತ್ತಿಗೆ ಅದೇ ಕೈಯ ಮಾಸ್ಕನ್ನು ಮೂಗಿಗೆ ಏರಿಸಿಕೊಂಡು, "ನಾನೇ ಕೂತು ಹೊಲಿದೆ ಕಣ್ರೀ" ಎಂದು ಅಕ್ಕಪಕ್ಕದವರಿಗೆ ಹಂಚಿದಳು. ಕಿಟಕಿಯಿಂದ ಕೇಳಿಸಿಕೊಂಡ ದರ್ಜಿಗೆ ನಗು ತಡೆಯಲು ದಾರವನ್ನೇ ಕಚ್ಚಬೇಕಾಯಿತು.

ಬಸ್ಸುಗಳು ನಿಂತವು. ಅವಳ ಮಾತ್ರೆ ಮುಗಿಯುತ್ತಾ ಬಂತು.

"ಅಣ್ಣ, ಆಸ್ಪತ್ರೆಗೆ ಬೈಕಲ್ಲಿ ಬಿಡ್ತೀಯಾ?"

"ಪೊಲೀಸ್ರು ಹೊಡೀತಾರಮ್ಮ."

ಅದೇ ಸಂಜೆ ಅವನು ಗೆಳೆಯನ ಮನೆಗೆ ಇಸ್ಪೀಟಾಡಲು ಹೋದ. ಪೊಲೀಸರ ಲಾಠಿ ಬಹುಶಃ ಇಸ್ಪೀಟಿನವರನ್ನು ಗುರುತು ಹಿಡಿದು ಹೊಡೆಯದೆ ಬಿಡುತ್ತಿತ್ತು. ದರ್ಜಿ ಆಸ್ಪತ್ರೆಗೇ ಫೋನ್ ಮಾಡಿದಳು. ನರ್ಸೊಬ್ಬಳು ಸ್ಕೂಟರಿನಲ್ಲಿ ಬೀದಿ ತುದಿಗೆ ಬಂದು, ಕದ್ದು ಬಾಗಿಲು ದಾಟಿ ಬಂದ ದರ್ಜಿಗೆ ಮಾತ್ರೆ ಕೊಟ್ಟು ಹೋದಳು.

ಅಣ್ಣ ಇಸ್ಪೀಟಿನ ಮನೆಯಿಂದ ಕೆಮ್ಮು ತಂದ. "ಧೂಳು" ಎಂದ. ಆ ಧೂಳಿಗೆ ಮನೆಯವರೆಲ್ಲ ಜ್ವರ ಬಂದು ಮಲಗಿದರು. ಆಸ್ಪತ್ರೆಯಲ್ಲಿ ಅತ್ತಿಗೆ ಡಾಕ್ಟರ ಹತ್ತಿರ ಸರಿದು ಪಿಸುಗುಟ್ಟಿದಳು: "ಇವಳಿಗೆ ಎಚ್‌ಐವಿ ಇದೆ ಸಾರ್. ಇವಳಿಂದಲೇ ಬಂದಿರೋದು."

"ಮೊದಲು ಜ್ವರ ಬಂದಿದ್ದು ಯಾರಿಗಮ್ಮ?"

ಅತ್ತಿಗೆಗೆ ಫ್ಯಾನು ನೋಡುವ ಕೆಲಸ ಬಂತು.

ಡಾಕ್ಟರು ದರ್ಜಿಯ ಕಡೆ ತಿರುಗಿದರು. "ಮಾತ್ರೆ ತಪ್ಪಿಸಿಲ್ಲ ಅಲ್ವಾ? ಒಳ್ಳೇದಾಯ್ತು. ಬಿಟ್ಟಿದ್ರೆ ಮೈಯಲ್ಲಿ ಶಕ್ತಿ ಕುಗ್ಗಿ ಕೊರೊನಾ ಜೋರಾಗ್ತಿತ್ತು. ಈಗಲೂ ಹುಷಾರಾಗಿರಿ. ಉಸಿರು ಕಟ್ಟಿದ್ರೆ ತಕ್ಷಣ ಹೇಳಿ."

ಉಸಿರು ಕಟ್ಟಿದ್ದು ಅಣ್ಣನಿಗೆ. ಸಕ್ಕರೆ ಕಾಯಿಲೆಗೆ ಕೊಟ್ಟ ಮಾತ್ರೆಗಳನ್ನು ಗಂಡಸ್ತನಕ್ಕೆ ಕುಂದೆಂದು ಡ್ರಾಯರಿಗೆ ತಿನ್ನಿಸುತ್ತಿದ್ದ ಧೀರ ಅವನು. ಆಸ್ಪತ್ರೆಯಲ್ಲೇ ಆಕ್ಸಿಜನ್ ಹಾಕಿಸಿಕೊಂಡು ಮಲಗಿದ, ಹೆಂಗಸರಿಬ್ಬರೂ ಮನೆಗೆ ಬಂದರು. ದರ್ಜಿಯೂ ಸುಖವಾಗಿರಲಿಲ್ಲ, ಜ್ವರ ಬಿಟ್ಟರೂ ನಾಲಿಗೆಗೆ ರುಚಿಯಿಲ್ಲ, ಯಂತ್ರ ತುಳಿದರೆ ಕಾಲು ಸೋಲುತ್ತಿತ್ತು. ಆದರೂ ಅತ್ತಿಗೆಗೆ ಗಂಜಿ ಕಾಯಿಸಿ ಕೊಟ್ಟವಳು ಅವಳೇ. ಅತ್ತಿಗೆ ಕುಡಿದಳು, ಹಸಿವಿನ ಮುಂದೆ ಅಂಟುಜಾಡ್ಯದ ಭಯ ಎಲ್ಲಿ ಓಡಿಹೋಗಿತ್ತೋ. ಅಣ್ಣ ಬದುಕಿ ಬಂದ ಮೇಲೆ, "ನನ್ನ ಆರೈಕೆಯಿಂದ ಉಳಿದ್ರು" ಎಂದು ಫೋನಿನಲ್ಲಿ ನೆಂಟರ ಮುಂದೆ ಕಣ್ಣೀರು ಸುರಿಸಿದಳು.

ಕಾಲಿಗೆ ಬಲ ಬಂದ ಮೇಲೆ ದರ್ಜಿ ಯಂತ್ರ ಕಟ್ಟಿಕೊಂಡು ಹೊರಟು, ಒಂದು ಮುದ್ರಣಾಲಯದ ಮೇಲೆ ಬಾಡಿಗೆಗೆ ಕೋಣೆ ಹಿಡಿದಳು. ಮನೆಯೊಡತಿಗೆ ತನ್ನ ಕಾಯಿಲೆಯನ್ನು ಮೊದಲೇ ಹೇಳಿದಳು. ಅವಳು, "ನಲ್ಲಿ ಸರಿಯಾಗಿ ನಿಲ್ಲಿಸಮ್ಮ, ಸಾಕು" ಎಂದಳು.

ಒಂದು ದಿನ ಅಣ್ಣ ಬಂದ. "ವಾಪಸ್ ಬಾರಮ್ಮ. ಮನೆ ಬಿಕೋ ಅಂತಿದೆ."

"ಮನೆ ಬಿಕೋ ಅಂತಿದ್ಯೋ, ಪಾತ್ರೆ ರಾಶಿ ಬಿದ್ದಿದ್ಯೋ?"

ಬಾಗಿಲಲ್ಲಿ ಗಿರಾಕಿ ಬಂದು ನಿಂತಿದ್ದಳು. "ಸ್ವಲ್ಪ ಪಕ್ಕಕ್ಕೆ ನಿಲ್ಲಣ್ಣ, ಅಳತೆ ತಗೋಬೇಕು" ಎಂದು ದರ್ಜಿ ಟೇಪು ಬಿಚ್ಚಿದಳು.