ರಂಗೋಲಿ ಪುಡಿಯ ಅಂಕಣ

ಎರಡು ಆಕರಗಳು ಒಪ್ಪದ ಹೊರತು ನಾನು ಯಾವ ದಿನಾಂಕವನ್ನೂ ನಂಬುವವನಲ್ಲ. ಶಾಸನ ಸಂಶೋಧಕನ ಕೆಲಸದಿಂದ ನಾನು ನಿವೃತ್ತನಾದರೂ ಈ ಚಾಳಿ ನನ್ನಿಂದ ನಿವೃತ್ತವಾಗಿಲ್ಲ. ಮದುವೆಯ ಕರೆಯೋಲೆ ಬಂದರೆ ಮೊದಲು ಪಂಚಾಂಗ ತೆರೆದು ತಿಥಿಯನ್ನೂ ವಾರವನ್ನೂ ತಾಳೆ ನೋಡುತ್ತೇನೆ. ತಪ್ಪಿದ್ದರೆ ಕರೆದವರಿಗೆ ಫೋನು ಮಾಡಿ ತಿಳಿಸುತ್ತೇನೆ. ಈಚೆಗೆ ನಮಗೆ ಕರೆಯೋಲೆಗಳು ಬರುವುದು ವಿರಳವಾಗಿದೆ.

ಇಂಥ ಪಾಂಡಿತ್ಯ ಊರಿಗೆ ಬೇಕಾಗಿ ಬಂದದ್ದು ಹಾಸನದ ನಮ್ಮ ಬಡಾವಣೆಯ ಉದ್ಯಾನವನ್ನು ಹೊಸದಾಗಿ ರೂಪಿಸಲು ಹೊರಟಾಗ. ಮರಗಳ ನಡುವಿನ ಆಟದ ಬಯಲಿಗೆ ನಡಿಗೆಯ ಹಾದಿ, ಷಟಲ್ ಅಂಕಣ, ಬಯಲು ಜಿಮ್, ಸಂಗೀತ ಕಾರಂಜಿ ಎಲ್ಲವೂ ಬರಲಿವೆಯೆಂದು ಗೇಟಿಗೆ ನಕ್ಷೆಯೊಂದನ್ನು ಅಂಟಿಸಿದ್ದರು. ಕಾರಂಜಿ ಏಳಬೇಕಾದ ಚೌಕದಲ್ಲಿ ‘ಈಗ ಖಾಲಿ ಜಾಗ’ ಎಂದು ಬರೆದಿತ್ತು. ಮರುದಿನ ಬೆಳಿಗ್ಗೆ ಜಯಮ್ಮ ನಮ್ಮ ಬಾಗಿಲಲ್ಲಿ ನಿಂತಿದ್ದರು. ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಈಕೆ ಬಡಾವಣೆಯ ಹೆಂಗಸರ ಥ್ರೋಬಾಲ್ ತಂಡದ ನಾಯಕಿ.

“ನಾವು ದಿನಾ ಆಡೋ ಜಾಗವ ಖಾಲಿ ಅಂತ ಬರ್ದವ್ರೆ ಸಾ. ಅಂಗಾದ್ರೆ ನಾವೇನು ಗಾಳೀಲಿ ಆಡ್ತಿದ್ವಾ?”

ನಕ್ಷೆ ಬರೆದ ಎಂಜಿನಿಯರ್ ತರುಣ, ಸಜ್ಜನ. ವಿಚಾರಿಸಿದರೆ ಸಂಕೋಚದಿಂದಲೇ ಹೇಳಿದರು: “ಬೆಳಿಗ್ಗೆ ಅಳತೆಗೆ ಬಂದಿದ್ದೆ ಸಾರ್. ನೆಲದ ಮೇಲೆ ರಂಗೋಲಿ ಇತ್ತು, ಮೂಲೆಮೂಲೆಗೆ ಕಮಲ ಬೇರೆ. ಯಾರೋ ಪೂಜೆ ಮಾಡಿದಾರೆ, ತುಳೀಬಾರ್ದು ಅಂತ ಸುತ್ತು ಹಾಕ್ಕೊಂಡು ಹೋದೆ.”

ಅವರನ್ನು ತಪ್ಪೆನ್ನಲಾರೆ. ನಮ್ಮ ಹೆಂಗಸರು ಅಂಕಣದ ಗೆರೆಗಳನ್ನು ಎಳೆಯುವುದು ರಂಗೋಲಿ ಪುಡಿಯಿಂದ. ಕೈ ಸುಮ್ಮನಿರದೆ ಮೂಲೆಗಳಲ್ಲಿ ಕಮಲವನ್ನೂ ಬಿಡಿಸುತ್ತಾರೆ. ಹೊಂಗೆಮರಕ್ಕೂ ದೀಪದ ಕಂಬಕ್ಕೂ ಬಲೆ ಕಟ್ಟಿ ಆಡಿ, ಬಿಚ್ಚಿಕೊಂಡು ಹೋಗಿ ಜಯಮ್ಮನ ಮನೆಯ ಅಕ್ಕಿ ಡ್ರಮ್ಮಿನ ಹಿಂದೆ ಇಡುತ್ತಾರೆ. ಹಾಗಾಗಿ ಬಲೆಸಮೇತವಾದ ಅಂಕಣ ಸಂಜೆ ನಾಲ್ಕರಿಂದ ಐದರವರೆಗೆ ಮಾತ್ರ ಅಸ್ತಿತ್ವದಲ್ಲಿರುತ್ತದೆ. ಹಿಂದಿನವರು ಈ ವಿಷಯದಲ್ಲಿ ಜಾಣರು. ಒಂದು ತುಂಡು ಗದ್ದೆಯನ್ನು ದತ್ತಿ ಬಿಟ್ಟರೂ ಕಲ್ಲಿನಲ್ಲಿ ಕೊರೆಸಿ, ನಾಲ್ಕು ದಿಕ್ಕಿನ ಎಲ್ಲೆ ಹೇಳಿ, ಸೂರ್ಯಚಂದ್ರರಿರುವವರೆಗೆ ನಡೆಯಲೆಂದು ಹರಸಿ, ಅಳಿಸಿದವನಿಗೆ ಏಳು ಜನ್ಮಕ್ಕಾಗುವಷ್ಟು ಶಾಪವನ್ನೂ ಸೇರಿಸುತ್ತಿದ್ದರು. ನಮ್ಮವರ ಬರಹವನ್ನು ಅಳಿಸಲು ಬೆಳಗಿನ ಪೊರಕೆ ಸಾಕು. ಆದರೆ ಸಂಜೆಗೆ ಅದು ಮತ್ತೆ ಹುಟ್ಟಿರುತ್ತದೆ. ಕಲ್ಲಿಗೆ ಆ ಸಾಮರ್ಥ್ಯವಿಲ್ಲ.

“ಬಹಳ ವರ್ಷದಿಂದ ಆಡ್ತಾ ಇದಾರೆ ಅನ್ನೋದಕ್ಕೆ ಬರಹದಲ್ಲಿ ಏನಾದರೂ ಪುರಾವೆ ಕೊಡಿ ಸಾರ್. ಭಾನುವಾರದ ಸಭೇಲಿ ಕಾರಂಜೀನ ಪಕ್ಕಕ್ಕೆ ಸರಿಸ್ತೀನಿ. ಇಲ್ಲದಿದ್ರೆ ಸೋಮವಾರ ಪಾಯ ತೆಗೀತಾರೆ,” ಎಂದರು ಎಂಜಿನಿಯರ್.

ತಂಡವನ್ನು ನಮ್ಮ ಹಜಾರದಲ್ಲಿ ಕೂರಿಸಿ ಸಾಕ್ಷ್ಯ ಸಂಗ್ರಹಕ್ಕೆ ತೊಡಗಿದೆ. ಆಟ ಆರಂಭವಾದದ್ದು ಯಾವಾಗ?

“ನಮ್ ದೊಡ್ಡುಡ್ಗಿ ಐಸ್ಕೂಲ್ ಸೇರುದ್ ವರ್ಸ ಕಣ ಸಾ,” ಎಂದರು ಜಯಮ್ಮ.

ಹಳ್ಳಿಮೈಸೂರಿನಿಂದ ಸೊಸೆಯಾಗಿ ಬಂದ ಕಮಲಾಕ್ಷಿ ಒಪ್ಪಲಿಲ್ಲ. “ಅಲ್ಲ ಕಣಕ್ಕ, ನಮ್ಮನೆ ಹಸ ಎರಡ್ನೇ ಕರ ಆಕಿದ್ ವರ್ಸ. ನಾನು ಗಿಣ್ಣು ತಂದಿರ್ನಿಲ್ವಾ, ಆಟ ಬುಟ್ಟು ತಿಂದ್ರಲ್ಲ.”

ಕರು ಹುಟ್ಟಿದ್ದಕ್ಕೆ ದಾಖಲೆ ಇದೆಯೇ ಎಂದು ಕೇಳಿದೆ.

“ಕರೂಗೆ ಯಾರು ಸಾ ಜಾತಕ ಬರ್ಸ್ತಾರೆ?”

ಅಷ್ಟರಲ್ಲಿ ಒಳಗಿನಿಂದ ನನ್ನ ಹೆಂಡತಿ ಪದ್ಮಾವತಿ ಬಂದು, “ನನ್ನನ್ನೂ ಒಂದು ಮಾತು ಕೇಳಬಹುದಲ್ಲ,” ಎಂದಳು. ನಿನಗೇನು ಗೊತ್ತು ಎಂದೆ. ಹಜಾರವೆಲ್ಲ ನಕ್ಕಿತು.

“ಅಮ್ಮಾವ್ರು ಮೊದುಲ್ನೇ ದಿನದಿಂದ ನಮ್ ಟೀಮೇ ಸಾ,” ಎಂದರು ಜಯಮ್ಮ. “ಅವ್ರು ಸರ್ವೀಸ್ ಆಕುದ್ರೆ ಇಡಿಯಾಕೆ ನಮ್ಮ ಕೈಲಾಗಕಿಲ್ಲ.”

ಇವಳು ಸಂಜೆ ವಾಯುವಿಹಾರಕ್ಕೆ ಹೋಗುತ್ತಾಳೆಂದು ನಾನು ನಂಬಿದ್ದೆ. “ಮೊದಲ ದಿನವೇ ಹೇಳಿದ್ದೆ,” ಎಂದಳು. “ನೀವು ಯಾವುದೋ ಶಾಸನದ ಪಡಿಯಚ್ಚು ನೋಡ್ತಾ ‘ಹೂಂ, ಒಳ್ಳೇದು’ ಅಂದ್ರಿ. ನಿಮ್ಮ ದಿನಚರೀಲಿ ನೋಡಿ. ಅದರಲ್ಲಿ ನಾನಿಲ್ಲದಿದ್ರೂ ಕಾಫಿ ಇರತ್ತೆ.”

ಅಂದು ಮಧ್ಯಾಹ್ನ ಹಳೆಯ ದಿನಚರಿಗಳನ್ನೆಲ್ಲ ಅಟ್ಟದಿಂದ ಇಳಿಸಿದೆ. ಒಂದು ಪುಟದಲ್ಲಿ ನನ್ನದೇ ಅಕ್ಷರ: ‘ನಾಲ್ಕರ ಕಾಫಿ ಐದಕ್ಕೆ. ಕಾರಣ ತಿಳಿಯದು.’ ಮರುದಿನವೂ ಅದೇ. ಆಮೇಲೆ ಸಂಕ್ಷೇಪವಾಗಿ ‘ಕಾ. ತಡ.’ ಮಳೆ ಸುರಿದ ದಿನಗಳಲ್ಲಿ ಕಾಫಿ ಹೊತ್ತಿಗೆ ಸರಿಯಾಗಿ ಬಂದಿದೆ. ಪದ್ಮಾವತಿ ಚನ್ನರಾಯಪಟ್ಟಣದ ತವರಿಗೆ ಹೋದ ದಿನಗಳಲ್ಲಿ ಬಂದೇ ಇಲ್ಲ. ಜಯಮ್ಮನ ಮಗಳ ಶಾಲಾ ದಾಖಲಾತಿಯೊಡನೆ ತಾಳೆ ನೋಡಿದೆ, ವರ್ಷ ಕೂಡಿತು. ಕಮಲಾಕ್ಷಿಯ ಹಸು ಒಂದು ವರ್ಷದ ಅಂತರದಿಂದ ಸೋತಿತು. ಇಷ್ಟು ನಿರಂತರವಾದ ದಾಖಲೆ ನನ್ನ ವೃತ್ತಿಜೀವನದಲ್ಲಿ ಮತ್ತೊಂದು ಸಿಕ್ಕಿರಲಿಲ್ಲ. ಅದರ ಕರ್ತೃ ನಾನೇ ಎಂಬುದೊಂದೇ ತೊಡಕು. ಸಲ್ಲಿಸಿದರೆ ಬಡಾವಣೆಯ ಎದುರು ನನ್ನ ಗೊಣಗಾಟವನ್ನು ನಾನೇ ಓದಬೇಕು. ಮುಚ್ಚಿಟ್ಟರೆ ಕಾರಂಜಿ ಬರುತ್ತದೆ, ನಾಲ್ಕಕ್ಕೆ ಕಾಫಿಯೂ ಬರುತ್ತದೆ. ಈ ಎರಡನೆಯ ಯೋಚನೆ ಮನಸ್ಸಿನಲ್ಲಿ ಸ್ವಲ್ಪ ಹೊತ್ತು ಕುಳಿತೇ ಇತ್ತೆಂಬುದನ್ನು ಒಪ್ಪಿಕೊಳ್ಳುತ್ತೇನೆ.

ಭಾನುವಾರ ಓದಿದೆ. ಎರಡನೆಯ ಸಂಪುಟದ ನಡುವೆ ಎಂಜಿನಿಯರ್ ಕೈಮುಗಿದು, “ಸಾಕು ಸಾರ್, ಸಾಬೀತಾಯ್ತು,” ಎಂದು ಕಾರಂಜಿಯನ್ನು ಗೇಟಿನ ಪಕ್ಕಕ್ಕೆ ಸರಿಸಿ, ಚೌಕದಲ್ಲಿ ‘ಥ್ರೋಬಾಲ್ ಅಂಕಣ’ ಎಂದು ಬರೆದರು. ಬೇರೆ ಪ್ರಶ್ನೆಗಳಿವೆಯೇ ಎಂದಾಗ ಜಯಮ್ಮ ಎದ್ದು ನಿಂತರು.

“ನಂದೊಂದ್ ಐತೆ. ಇಷ್ಟ್ ವರ್ಸ ತಡ ಆಯ್ತು, ತಡ ಆಯ್ತು ಅಂತ ಬರ್ಕಂಡ್ ಕೂತವ್ರು, ಒಂದ್ ದಿನನಾರ ಎದ್ದೋಗಿ ಒಲೆ ಹಚ್ಬೌದಿತ್ತಲ್ಲ ಸಾ?”

ಸಭೆಯ ನಡಾವಳಿಯ ಕರಡು ತಿದ್ದುವುದಕ್ಕೆ ನನ್ನಲ್ಲಿಗೇ ಬಂತು. ಪ್ರಶ್ನೆಯನ್ನು ಯಥಾವತ್ತಾಗಿ ದಾಖಲಿಸಿ, ಕೆಳಗೆ ನನ್ನ ಉತ್ತರಕ್ಕೆಂದು ಎರಡು ಸಾಲು ಬಿಟ್ಟಿದ್ದರು. ಮರುದಿನ ಸಂಜೆ ನಾಲ್ಕೂವರೆಗೆ ಅದನ್ನು ಮುಂದಿಟ್ಟುಕೊಂಡು ಒಳ್ಳೆಯ ಪದವೊಂದಕ್ಕಾಗಿ ಹುಡುಕುತ್ತಿದ್ದೆ. ಅಡುಗೆಮನೆಯಿಂದ, ನಾನೇ ಒಲೆಗಿಟ್ಟಿದ್ದ ಹಾಲು ಉಕ್ಕಿದ ವಾಸನೆ ಬಂದದ್ದರಿಂದ ಪೆನ್ನು ಅಲ್ಲೇ ಬಿಟ್ಟು ಓಡಬೇಕಾಯಿತು.