ಚೇಚಿಯ ಪಾಸ್‌ವರ್ಡ್

ತೊಂಬತ್ತರ ದಶಕದ ಕೊನೆಯಲ್ಲಿ ಪಟ್ಟಂನ ನಮ್ಮ ಕಚೇರಿಯ ಕಂಪ್ಯೂಟರ್ ಕೋಣೆಯನ್ನು ನೋಡಿಕೊಳ್ಳುತ್ತಿದ್ದವರು ಕಾಸರಗೋಡಿನ ಕನ್ನಡತಿ. ಎಲ್ಲರಿಗೂ ಅವರು ಚೇಚಿ, ಅಂದರೆ ಅಕ್ಕ. ಕೀಲಿಮಣೆ ಮುಟ್ಟುವ ಮೊದಲು ಸೆರಗಿಗೆ ಬೆರಳು ಒರೆಸಿಕೊಳ್ಳುತ್ತಿದ್ದರು. ಅಥವಾ ಒಮ್ಮೆ ಕಂಡದ್ದನ್ನೇ ನಾನು ಅಭ್ಯಾಸವೆಂದು ನೆನೆಯುತ್ತಿರಬಹುದು. ಪರದೆ ಪಾಸ್‌ವರ್ಡ್ ಕೇಳಿದಾಗಲೆಲ್ಲ "ಕೇಳುವುದು ಯಾರು, ನೋಡಿದೆಯಾ?" ಎನ್ನುತ್ತಿದ್ದುದು ಮಾತ್ರ ನನ್ನ ದಿನಚರಿಯಲ್ಲೂ ಇದೆ.

ಕೊಚ್ಚಿಯ ವಿಲ್ಲಿಂಗ್ಡನ್ ಐಲ್ಯಾಂಡಿನ ಒಂದು ಕಚೇರಿಯ ಸರ್ವರಿನಿಂದ ದಿನವೂ ಉಬ್ಬರವಿಳಿತದ ಅಂಕಿಗಳನ್ನು ತರಲು ನಾನೊಂದು ಪ್ರೋಗ್ರಾಂ ಬರೆದಿದ್ದೆ. ಅದಕ್ಕೆ ಚೇಚಿ ಆ ಸರ್ವರಿನ ತಮ್ಮದೇ ಪಾಸ್‌ವರ್ಡ್ ಕೊಟ್ಟಿದ್ದರು. ಒಂದು ಬೆಳಿಗ್ಗೆ ಆ ಸರ್ವರ್, ಅಂಕಿಗಳ ಪುಟ ಇಲ್ಲಿಲ್ಲ, ಅಲ್ಲಿಗೆ ಹೋಗು ಎಂದು ಬೇರೆ ವಿಳಾಸ ತೋರಿಸಿತು. ನನ್ನ ಪ್ರೋಗ್ರಾಂ ಅಲ್ಲಿಗೂ ಹೋಗಿ, ಯಾರಾದರೂ ಕೇಳುವ ಮೊದಲೇ ಪಾಸ್‌ವರ್ಡ್ ಒಪ್ಪಿಸಿಬಿಟ್ಟಿತು. ಅದು ಯಾವುದೋ ಹೊರಗಿನವರ ಯಂತ್ರ.

"ಎಂತ ಮಾರಾಯ, ಯಾರೋ ದಾರಿ ತೋರಿಸಿದರೆ ಆ ಮನೆಗೆ ನನ್ನ ಬೀಗದ ಕೈ ಕೊಡುವುದಾ?" ಎಂದರು ಚೇಚಿ.

ನನ್ನದಿನ್ನೂ ಹಂಗಾಮಿ ಕೆಲಸ. ಅದು ಹೋಯಿತೆಂದೇ ತಿಳಿದೆ. ಚೇಚಿ ಕೊಚ್ಚಿಗೆ ಫೋನ್ ಮಾಡಿ, ತಪ್ಪು ತನ್ನದು, ಪಾಸ್‌ವರ್ಡ್ ಕೂಡಲೇ ಬದಲಿಸಿ ಎಂದು ಮಲಯಾಳದಲ್ಲಿ ಹೇಳಿದರು. ಆ ಕಡೆಯವರು ಬಹಳ ಹೊತ್ತು ಬೈದರು.

"ನನ್ನ ಹೆಸರು ಹೇಳಬಹುದಿತ್ತು" ಎಂದೆ.

"ಹೇಳಿದರೆ ಪ್ರೋಗ್ರಾಂ ತಿದ್ದುವುದು ಯಾರು, ನಿನ್ನ ಅಜ್ಜನಾ?"

ವಿಳಾಸ ಬೇರೆಯಾದರೆ ಪಾಸ್‌ವರ್ಡ್ ಕೊಡದಂತೆ ಸಂಜೆಯೊಳಗೆ ತಿದ್ದಿದೆ. ಚೇಚಿ ಒಂದೊಂದು ಸಾಲನ್ನೂ ಓದಿದರು. ಆಮೇಲೆ ಕುರ್ಚಿ ಹತ್ತಿರ ಎಳೆದುಕೊಂಡು, ಹೊಸ ಪಾಸ್‌ವರ್ಡನ್ನೂ ನನಗೇ ಹೇಳಿದರು.