ಆ ಮನೆ ಖಾಲಿ ಇಲ್ಲ

ನಮ್ಮ ಸಂಘ ಹುಟ್ಟಿದ್ದು ನಿದ್ದೆಯಲ್ಲಿ. ಹೀಗೆಂದರೆ ಜನ ನಗುತ್ತಾರೆ, ನಗಲಿ. ಪುಣೆ ಹತ್ತಿರದ ನಿಗಡಿಯಲ್ಲಿ, ಸೊಸೈಟಿ ಎಂದು ಕರೆಯುವ ಒಂದು ದೊಡ್ಡ ಅಪಾರ್ಟ್‌ಮೆಂಟಿನಲ್ಲಿ, ನಾನು ಮನೆಮನೆಗೆ ಹೋಗಿ ರೊಟ್ಟಿ, ಪಲ್ಯ ಮಾಡಿಕೊಡುತ್ತಿದ್ದೆ. ಬೆಳಗಿನ ಮನೆಗಳು ಮುಗಿದು ಸಂಜೆಯ ಮನೆಗಳು ಶುರುವಾಗುವ ತನಕ ನಮ್ಮಂಥ ಕೆಲಸದ ಹೆಂಗಸರಿಗೆ ಕೂರಲು ಜಾಗವಿರಲಿಲ್ಲ. ತೋಟದ ಬೆಂಚಿನ ಮೇಲೆ ಕೂತರೆ ಕಾವಲುಗಾರ ಸೀಟಿ ಊದುತ್ತಿದ್ದ. ಹಾಗಾಗಿ ತಾರಸಿಗೆ ಹೋಗುವ ಕೊನೆಯ ಮೆಟ್ಟಿಲುಗಳ ಹತ್ತಿರ, ಬೀಗ ಹಾಕಿದ ಬಾಗಿಲಿನ ಮುಂದೆ, ಸಾಲಾಗಿ ಮಲಗುತ್ತಿದ್ದೆವು.

ಬಾಗಿಲ ಸಂದಿನಿಂದ ಬಿಸಿಲಿನದೊಂದು ಪಟ್ಟಿ ಒಳಗೆ ಬಂದು ಒಬ್ಬೊಬ್ಬರನ್ನೇ ನಿಧಾನವಾಗಿ ದಾಟಿ ಹೋಗುತ್ತಿತ್ತು. ಮೇಲೆ ಟಾಕಿಗೆ ನೀರು ತುಂಬುವ ಸದ್ದು. ಎಲ್ಲರ ಕೈಗೂ ಪಾತ್ರೆ ಸೋಪಿನ ನಿಂಬೆ ವಾಸನೆ. ಆ ಮಂಪರಿನಲ್ಲಿ ಯಾರೋ ಒಬ್ಬರು ವಾರಕ್ಕೊಂದು ದಿನ ಸೂಟಿ ಇರಬೇಕಿತ್ತು ಎನ್ನುತ್ತಿದ್ದರು. ಇನ್ಯಾರೋ ಕಣ್ಣು ಮುಚ್ಚಿಕೊಂಡೇ ಹೂಂ ಎನ್ನುತ್ತಿದ್ದರು. ಎದ್ದ ಮೇಲೆ ಅದನ್ನು ಹೇಳಿದ್ದು ಯಾರೆಂದು ಯಾರಿಗೂ ನೆನಪಿರುತ್ತಿರಲಿಲ್ಲ. ನಾನು ಒಂದಿಷ್ಟು ಓದಿದವಳು, ಜೊತೆಗೆ ಬಾಯಿ ಜೋರು. ಎಚ್ಚರ ಇದ್ದಾಗ ಇದನ್ನೇ ಮಾತಾಡೋಣ, ಒಂದು ಸಂಘ ಮಾಡಿಕೊಳ್ಳೋಣ ಎಂದು ತಲೆ ತಿನ್ನುತ್ತಿದ್ದೆ. ಗೇಟಿನ ಪಾಸು ಕಿತ್ತುಕೊಂಡರೆ ಏನು ಗತಿ ಎಂದು ಎಲ್ಲರೂ ಮಗ್ಗುಲಾಗುತ್ತಿದ್ದರು.

ಆದರೆ ಎಲ್ಲೂ ಬರೆಯದ ಕಾನೂನೊಂದು ನಮ್ಮಲ್ಲಿತ್ತು. ನೆಲ ಒರೆಸುವವಳು ತನ್ನದೇ ಹಳೆಯ ಸೀರೆಯ ತುಂಡು ತಂದು ಒರೆಸಿ, ಅಡುಗೆಮನೆಯ ಹಿಂದಿನ ಬಾಲ್ಕನಿಯ ಮೊಳೆಗೆ ಒಣಹಾಕುತ್ತಿದ್ದಳು. ಅವಳು ಊರಿಗೆ ಹೋದಾಗ ಬದಲಿಗೆ ಬಂದವಳು ತನ್ನ ಬಟ್ಟೆಯಿಂದ ಒರೆಸಿ, ಹಿಂಡಿ, ಚೀಲದಲ್ಲಿಟ್ಟುಕೊಂಡು ಹೊರಡಬೇಕು. ಮೊಳೆಯ ಮೇಲಿರುವುದನ್ನು ಮುಟ್ಟಬಾರದು. ಆ ಬಟ್ಟೆ ಅಲ್ಲಿ ತೂಗುತ್ತಿರುವ ತನಕ ಮನೆ ಅವಳದು. ಮಧ್ಯಾಹ್ನ ಅಂಗಳದಲ್ಲಿ ನಿಂತು ತಲೆ ಎತ್ತಿದರೆ ಬಾಲ್ಕನಿ ಬಾಲ್ಕನಿಯಲ್ಲೂ ನಮ್ಮ ಮಾಸಿದ ಸೀರೆಗಳು ಗಾಳಿಗೆ ಆಡುತ್ತಿರುತ್ತಿದ್ದವು. ನನಗೆ ಅದನ್ನು ನೋಡುವುದೆಂದರೆ ಬಲು ಇಷ್ಟ.

ನನ್ನ ಗೆಳತಿ ಇಂದಾಪುರದವಳು, ಮರಾಠಿಯವಳು. ನಾನು ರೊಟ್ಟಿ ಬಡಿಯುತ್ತಿದ್ದ ಒಂದು ಮನೆಯಲ್ಲಿ ಪಾತ್ರೆ ಮತ್ತು ನೆಲ ಅವಳದಾಗಿತ್ತು. ಮಗಳ ಚೊಚ್ಚಲ ಬಾಣಂತನಕ್ಕೆಂದು ಮನೆಯೊಡತಿಯನ್ನು ಕೇಳಿ, ಬದಲಿಗೆ ನನ್ನನ್ನು ಒಪ್ಪಿಸಿ ಊರಿಗೆ ಹೋದಳು. ಮನೆಯೊಡತಿ ಧಾರವಾಡದ ಕಡೆಯವರು, ಆಫೀಸಿಗೆ ಹೋಗುವವರು. ನನ್ನ ಜೊತೆ ಕನ್ನಡ ಮಾತಾಡುವುದೆಂದರೆ ಅವರಿಗೂ ಖುಷಿ, ನನಗೂ. ಅವರ ಮಾತು ಕೇಳುತ್ತಾ ಹಿಟ್ಟು ನಾದುವಾಗ ನಾನು ಪುಣೆಯಲ್ಲಿದ್ದೇನೆ ಎನ್ನುವುದೇ ಮರೆಯುತ್ತಿತ್ತು. ಒಂದು ಬೆಳಿಗ್ಗೆ ಅದೇ ಸವಿಮಾತಿನಲ್ಲಿ ಅವರು ಹೇಳಿದರು.

"ಆಕಿ ಇನ್ನ ಬ್ಯಾಡ. ಯಾವಾಗ ಬರ್ತಾಳೋ ಏನೋ. ರೊಟ್ಟಿ, ನೆಲ ಎರಡೂ ನೀನೇ ಮಾಡ್ಕೊಂಡು ಹೋಗು. ನೀ ನಮ್ಮ ಕಡಿಯಾಕಿ, ನಿನ್ನ ಮ್ಯಾಲೆ ಭಾಳ ನಂಬಿಕಿ ಅದ."

"ಈ ಮನಿ ಖಾಲಿ ಇಲ್ರಿ ಅಕ್ಕಾರ," ಎಂದೆ. "ಆಕಿ ಅರಿವಿ ಮೊಳಿ ಮ್ಯಾಲೆ ಅದ."

ಅವರು ಬಾಲ್ಕನಿಗೆ ಹೋದರು. ಎರಡು ಬೆರಳಲ್ಲಿ ಆ ಬಟ್ಟೆ ಎತ್ತಿ ಕಸದ ಡಬ್ಬಿಗೆ ಹಾಕಿ, "ಈಗ ಖಾಲಿ ಆತಲ್ಲ?" ಎಂದರು.

ಬಟ್ಟೆ ಬಿಸಾಕಿದ್ದಕ್ಕಿಂತ ಅದನ್ನು ನನ್ನ ಭಾಷೆಯಲ್ಲಿ ಹೇಳಿದರಲ್ಲ, ಅದು ಹೆಚ್ಚು ನೋಯಿಸಿತು. ಹಿಟ್ಟನ್ನು ನಾದುವ ಪರಾತದಲ್ಲೇ ಬಿಟ್ಟು ಕೈ ತೊಳೆದುಕೊಂಡೆ. ರೊಟ್ಟಿಗೂ ಬೇರೆ ಯಾರನ್ನಾದರೂ ನೋಡಿಕೊಳ್ಳಿ ಎಂದು ಹೇಳಿ ಚಪ್ಪಲಿ ಮೆಟ್ಟಿದೆ.

ಅವರು ಬೇರೆಯವರನ್ನು ಕರೆದು ನೋಡಿದರು. ಕರೆದವರೆಲ್ಲ ಹೋದರು, ಬರಿದಾದ ಮೊಳೆ ನೋಡಿದರು, ಈ ಮನೆ ಖಾಲಿ ಇಲ್ಲ ಎಂದು ಇಳಿದು ಬಂದರು. ಸಂಘಕ್ಕೆ ಹೆದರಿದವರೇ ಇವರು! ನನಗೆ ನಂಬಲಾಗಲಿಲ್ಲ. ಆದರೆ ಎಷ್ಟು ದಿನ ತಡೆದಾರು ಎಂಬ ಭಯವೂ ಇತ್ತು. ಸೊಸೈಟಿಯ ಹೊರಗಿನಿಂದ ಯಾರಾದರೂ ಬಂದರೆ ಗೆಳತಿಯ ಮನೆ ಹೋದಂತೆಯೇ. ಅವಳಿಗೆ ಕೈತುಂಬ ಸಂಬಳ ಕೊಡುವ ಮನೆ ಅದೊಂದೇ.

ಫೋನಿನಲ್ಲಿ ವಿಷಯ ತಿಳಿದು ಅವಳು ಬಾಣಂತಿ ಮಗಳನ್ನು ಬಿಟ್ಟು ಎಸ್‌ಟಿ ಬಸ್ ಹತ್ತಿ ಬಂದೇಬಿಟ್ಟಳು. ಮಧ್ಯಾಹ್ನ ನಮ್ಮ ನಡುವೆ ಬಂದು ಮಲಗಿದಳು. ತಲೆಯಡಿ ಇಟ್ಟುಕೊಂಡ ಗಂಟಿನಲ್ಲಿ ಅವಳ ಅವ್ವನ ಹಸಿರು ಸೀರೆಯಿತ್ತು. ತೊಳೆದು ತೊಳೆದು ಬೆಣ್ಣೆಯಷ್ಟು ಮೆತ್ತಗಾದದ್ದು. ಅದರಲ್ಲಿ ಮೊದಲ ಮೊಮ್ಮಗುವಿಗೆ ಹೊದೆಯಲು ಕೌದಿ ಹೊಲಿಯಬೇಕೆಂದು ಎಷ್ಟೋ ಕಾಲದಿಂದ ಕಾದಿಟ್ಟಿದ್ದಳು. ಬಿಸಿಲ ಪಟ್ಟಿ ನನ್ನ ಕಾಲು ದಾಟುತ್ತಿತ್ತು, ಟಾಕಿಯ ನೀರು ಎಲ್ಲೋ ದೂರದ ಹಳ್ಳದ ಹಾಗೆ ಕೇಳುತ್ತಿತ್ತು. ಆಗ ಯಾರೋ, ನಿದ್ದೆಗಣ್ಣಲ್ಲಿ, ಎಲ್ಲಾ ಮೊಳೆಗಳ ಮೇಲೂ ಇವಳ ಬಟ್ಟೆಯೇ ಇದ್ದರೆ ಹೇಗೆ ಎಂದರು. ಹೂಂ ಎಂದವರೂ ಇದ್ದರು.

ಬಟ್ಟೆ ಹರಿಯುವ ಪರ್‌ ಎಂಬ ಸದ್ದಿಗೆ ಎಲ್ಲರೂ ಎದ್ದು ಕೂತೆವು. ಗೆಳತಿ ಸೀರೆಯನ್ನು ಹಲ್ಲಲ್ಲಿ ಕಚ್ಚಿ ಸೀಳುತ್ತಿದ್ದಳು.

"ಅಯ್ಯ, ಕೂಸಿನ ಕೌದಿಗಂತ ಇಟ್ಟಿದ್ದಲ್ಲೇನ!" ಎಂದು ನಾನು ಅವಳ ಕೈ ಹಿಡಿದೆ.

"ಈ ಮನಿ ಹೋದರ ಯಾವ ಮುಖ ಇಟ್ಕೊಂಡು ತಿರುಗಿ ಕೂಸು ನೋಡಾಕ ಹೋಗ್ಲಿ?" ಎಂದು ಅವಳು ಮರಾಠಿಯಲ್ಲಿ ಹೇಳಿ, ಮೊದಲ ತುಂಡನ್ನು ನನ್ನ ಮಡಿಲಿಗೆ ಹಾಕಿದಳು.

ಮರುದಿನ ಸೊಸೈಟಿಯ ಬಾಲ್ಕನಿಗಳೆಲ್ಲ ಹಸಿರಾದವು. ಆ ತುಂಡುಗಳಿಂದ ಯಾರೂ ನೆಲ ಒರೆಸಲಿಲ್ಲ, ಬರೀ ತೂಗುಹಾಕಿದೆವು. ಧಾರವಾಡದ ಅಕ್ಕನ ಅಡುಗೆಮನೆ ಕಿಟಕಿಯಿಂದ ಎತ್ತ ನೋಡಿದರೂ ಹಸಿರು, ಅವರ ಮೊಳೆಯೊಂದು ಬಿಟ್ಟು. ಬೇರೆ ಮನೆಯವರು ಏನಿದು ಎಂದು ಕೇಳಿದರು, ಅವಳ ಮನೆ ಅವಳಿಗೆ ತಿರುಗಿ ಸಿಗುವ ತನಕ ಇದು ಇಳಿಯುವುದಿಲ್ಲ ಎಂದೆವು. ವಾರಕ್ಕೊಂದು ಸೂಟಿಯ ಮಾತನ್ನೂ ಅದರ ಜೊತೆಗೇ ಹೇಳಿದೆವು. ಮೊದಲ ಸಲ ಎಲ್ಲರೂ ಎಚ್ಚರವಿದ್ದೇ ಹೇಳಿದ ಮಾತದು.

ಕೆಲವು ದಿನಗಳ ಮೇಲೆ ಅಕ್ಕ ಮೆಟ್ಟಿಲು ಹತ್ತಿ ನಾವು ಮಲಗುವಲ್ಲಿಗೇ ಬಂದರು. ಸೊಂಟ ಹಿಡಿದುಕೊಂಡಿದ್ದರು, ನೆಲ ಒರೆಸಿ ಒರೆಸಿ ಬಂದ ನೋವು. ಯಾರೂ ಎದ್ದು ನಿಲ್ಲಲಿಲ್ಲ. ಅವರೂ ಒಂದು ಮೆಟ್ಟಿಲ ಮೇಲೆ ಕೂತರು.

"ಆಕಿಗೆ ಬಾ ಅಂತ ಹೇಳು," ಎಂದರು ನನಗೆ.

"ಆಕಿ ಇಲ್ಲೇ ಅದಾಳ್ರಿ. ನೀವೇ ಹೇಳ್ರಿ."

ಅವರು ಹೇಳಿದರು. ಗೆಳತಿ, ಊರಿಗೆ ಹೋದರೂ ಮನೆ ತನ್ನದೇ ಇರಬೇಕು, ವಾರಕ್ಕೊಂದು ದಿನ ಸೂಟಿ ಬೇಕು, ತನಗೂ ರೊಟ್ಟಿಯವಳಾದ ನನಗೂ, ಎಂದಳು. ಅಕ್ಕ ಸೊಂಟ ನೀವಿಕೊಂಡರು. "ನಾ ನಮ್ಮ ಮನಿದಷ್ಟೇ ಹೇಳಬಲ್ಲೆ" ಎಂದರು. ಅಷ್ಟು ಸಾಕು ಎಂದೆವು. ಇತರ ಮನೆಗಳು ಒಂದೊಂದಾಗಿ ಒಪ್ಪಿದವು. ಇಂದಿಗೂ ಒಪ್ಪದ ಮನೆಗಳಿವೆ, ಅವರೊಂದಿಗೆ ನನ್ನ ಜಗಳ ನಡೆದೇ ಇದೆ.

ಹಸಿರು ತುಂಡುಗಳನ್ನು ಇಳಿಸಿ, ಒಗೆದು, ಮಧ್ಯಾಹ್ನಗಳಲ್ಲಿ ಎಲ್ಲರೂ ಕೂತು ಕೌದಿ ಹೊಲಿದೆವು. ಒಂದು ತುಂಡು ಕಡಿಮೆ ಬಿತ್ತು. ಅದನ್ನು ಗೆಳತಿ ಅಕ್ಕನ ಮನೆಯ ಮೊಳೆಗೆ ಹಾಕಿದ್ದಳು. ಆ ಮೂಲೆಗೆ ನನ್ನ ಇಳಕಲ್ ಸೀರೆಯ ಸೆರಗು ಕತ್ತರಿಸಿ ಕೊಟ್ಟೆ.

ನಮ್ಮ ಮೊದಲ ಸೂಟಿಯ ದಿನ ಇಬ್ಬರೂ ಕೌದಿ ಹಿಡಿದುಕೊಂಡು ಇಂದಾಪುರಕ್ಕೆ ಹೋದೆವು. ಊಟವಾದ ಮೇಲೆ, ಕೌದಿ ಹೊದ್ದು ಮಲಗಿದ್ದ ಕೂಸಿನ ಪಕ್ಕ ಒಂದು ಗಳಿಗೆ ಎಂದು ಅಡ್ಡಾದೆ. ಕಣ್ಣು ಬಿಟ್ಟಾಗ ಬಿಸಿಲು ಅಂಗಳದಿಂದ ಗೋಡೆಯ ಮೇಲೆ ಹೋಗಿತ್ತು. ಯಾವ ಮನೆಗೆ ಹೊತ್ತಾಯಿತೋ ಎಂದು ಗಾಬರಿಯಿಂದ ಎದ್ದು ಕೂತೆ. ಗೆಳತಿ ಪಕ್ಕದಲ್ಲೇ ಗೊರಕೆ ಹೊಡೆಯುತ್ತಿದ್ದಳು. ಇವತ್ತು ಯಾವ ಮನೆಯೂ ಇಲ್ಲ ಎಂದು ನೆನಪಾಯಿತು. ನಾನು ಮತ್ತೆ ಮಲಗಿದೆ, ಯಾರೂ ಎಬ್ಬಿಸಲಿಲ್ಲ.